ದಪ್ಪ ರೆಕ್ಕೆಯೋ ತೆಳು ರೆಕ್ಕೆಯೋ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಜರಡಿ, ಮೊರ ತೂಗುಹಾಕುವ ಮೊಳೆಗಳಿದ್ದವು. ಒಂದು ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಯಜಮಾನರು ಬಂದು ಜರಡಿ, ಮೊರ ಎರಡನ್ನೂ ಇಳಿಸಿ ನೆಲಕ್ಕಿಟ್ಟರು. ಆ ಮೊಳೆಗಳಿಗೆ ಪ್ಲೈವುಡ್ಡಿನ ಎರಡು ತುಂಡು ತೂಗುಹಾಕಿದರು. ಎರಡೂ ಮೀನಿನ ಆಕಾರ, ಮುಂದೆ ದುಂಡಗೆ, ಹಿಂದೆ ಚೂಪು. ಒಂದು ಉಂಡು ಮಲಗಿದ ಮೀನು, ಇನ್ನೊಂದು ಉಪವಾಸ ಬಿದ್ದದ್ದು.

"ಯಾವುದು ಹೇಳು" ಅಂದರು.

"ಎದಕ್ಕ?"

"ರೆಕ್ಕಿಗೆ. ನೀನ ಆರಸಬೇಕು."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಆ ಮನುಷ್ಯ ವಿಮಾನ ಕಟ್ಟುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಹುನಗುಂದದಿಂದ ಅಮೀನಗಡಕ್ಕೆ ಹೋಗುವ ರಸ್ತೆಯ ಪಕ್ಕ ನಮಗೆ ತುಂಡು ಜಮೀನಿದೆ. ಅಲ್ಲೊಂದು ತಗಡಿನ ಶೆಡ್ಡು ಹಾಕಿ, ಒಂದೇ ಸೀಟಿನ ಪುಟ್ಟ ವಿಮಾನದ ಮೈಯನ್ನು ಕೊಳವೆ ಬೆಸೆದು ಎಬ್ಬಿಸಿಯೂ ಆಗಿತ್ತು. ಊರಿನವರು ಅದನ್ನು ನೋಡಿ "ಸರ್, ಹಂದರ ಭಾಳ ಚೊಲೊ ಆಗೇತ್ರಿ, ಬಳ್ಳಿ ಯಾವಾಗ ಹಬ್ಬಸ್ತೀರಿ?" ಎಂದು ಕೇಳುತ್ತಿದ್ದರು. ನನಗೂ ಅದು ಹಂದರವಾಗಿಯೇ ಉಳಿದಿದ್ದರೆ ಸಾಕಿತ್ತು. ರೆಕ್ಕೆ ಬಂದರೆ ಅದು ಹಾರುತ್ತದೆ.

ಅವರು ವಾಯುಪಡೆಯಲ್ಲಿ ವಿಮಾನಗಳ ಮೈ ದುರಸ್ತಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾಗಿ ಇಳಕಲ್ಲಿಗೆ ಮರಳಿದವರು. ಈಗ ಪವರ್‌ಲೂಮ್ ರಿಪೇರಿ ಮಾಡುತ್ತಾರೆ. ಸರ್ವಿಸಿನ ಉದ್ದಕ್ಕೂ ರೆಕ್ಕೆ ಬಿಚ್ಚಿ, ರೆಕ್ಕೆ ಜೋಡಿಸಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿ ಬೇರೆಯವರನ್ನು ಮೇಲೆ ಕಳಿಸಿದ ಮನುಷ್ಯ. ನಿವೃತ್ತಿಯ ನಂತರ ದೂರದ ಊರಿಗೆ ಹೋಗಿ ವಿಮಾನ ನಡೆಸುವುದನ್ನು ಕಲಿತು ಬಂದರು. ಅಲ್ಲಿಯೂ ಪಕ್ಕದಲ್ಲಿ ಕಲಿಸುವವರು ಕೂತೇ ಇರುತ್ತಿದ್ದರಂತೆ. ತಾವೇ ಕಟ್ಟಿದ್ದರಲ್ಲಿ, ತಾವೊಬ್ಬರೇ, ಒಂದೇ ಒಂದು ಸಲ ನೆಲ ಬಿಡಬೇಕು ಎನ್ನುವುದು ಅವರ ಆಸೆ. ಒಂದು ಸಲ ಸಾಕು ಎಂದು ನನ್ನ ತಲೆ ಮುಟ್ಟಿ ಹೇಳಿದ್ದರು. ನನ್ನ ಆಸೆಯೂ ಒಂದೇ ಆಗಿತ್ತು. ಮೇಲೆ ಹೋದ ಮನುಷ್ಯ ಇಡಿಯಾಗಿ ಕೆಳಗೆ ಬರಬೇಕು.

ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂದು ಲೆಕ್ಕಕ್ಕೆ ಒಂದು ಉತ್ತರ ಇರಬೇಕು, ಇಲ್ಲವೆಂದರೆ ಲೆಕ್ಕ ತಪ್ಪಾಗಿದೆ ಎಂದು ಮಕ್ಕಳನ್ನು ಗದರಿಸುವ ಹೆಂಗಸು. ಅದಕ್ಕೇ ಅವರು ನನ್ನ ಮುಂದೆ ತಂದಿಟ್ಟದ್ದು. ಗ್ರಾಫ್ ಓದಲು ಬರುತ್ತದೆ, ತಲೆ ತಣ್ಣಗಿದೆ, ಸರಿಯಾದದ್ದನ್ನು ಆರಿಸಿಕೊಡುತ್ತಾಳೆ ಎಂಬ ನಂಬಿಕೆ. ಮೊದಲನೆಯದು ನಿಜ. ಉಳಿದ ಎರಡು ಹೇಗೆ ಸುಳ್ಳಾದವು ಎನ್ನುವುದೇ ಈ ಕಥೆ.

ರೆಕ್ಕೆಯನ್ನು ಸೌತೆಕಾಯಿಯ ಹಾಗೆ ಅಡ್ಡ ಕೊಯ್ದರೆ ಕಾಣುವ ಆಕಾರಕ್ಕೆ ಏರ್‌ಫಾಯಿಲ್ ಎನ್ನುತ್ತಾರೆ. ವಿಮಾನ ಹೇಗೆ ಏಳುತ್ತದೆ, ಎಷ್ಟು ವೇಗ ಹೋಗುತ್ತದೆ, ಹೇಗೆ ಇಳಿಯುತ್ತದೆ, ಸಿಟ್ಟು ಬಂದಾಗ ಹೇಗೆ ಬೀಳುತ್ತದೆ, ಎಲ್ಲ ಆ ಆಕಾರದಲ್ಲಿ ಬರೆದಿರುತ್ತದೆ. ರಾಶಿ ಆಕಾರಗಳನ್ನು ಅಳೆದೂ ಸುರಿದೂ ಅವರು ಎರಡಕ್ಕೆ ಬಂದು ನಿಂತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಗ್ರಾಫ್ ಹರಡಿದರು. ರೆಕ್ಕೆಯ ಮೂಗನ್ನು ಮೇಲಕ್ಕೆ ಎತ್ತಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ, ಒಂದು ಕೋನ ದಾಟಿದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಹೋಗುತ್ತದೆ, ಆಗ ರೆಕ್ಕೆ ಎತ್ತುವುದನ್ನು ಬಿಡುತ್ತದೆ. ಅದಕ್ಕೆ ಸ್ಟಾಲ್ ಎಂದು ಹೆಸರು. ದಪ್ಪನೆಯದರ ಗೆರೆ ಗುಡ್ಡದ ಹಾಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ತೆಳುವಿನದು ನೆಟ್ಟಗೆ ಏರಿ, ಬಾದಾಮಿಯ ಬಂಡೆಯಂತೆ ಕಡಿದು ಬೀಳುತ್ತಿತ್ತು.

"ಇದರಾಗ ಕೇಳೂದೇನೈತಿ? ದಪ್ಪಂದ" ಎಂದೆ.

"ಅಷ್ಟು ಹಗರ ಇಲ್ಲ" ಎಂದು ಇನ್ನೊಂದು ಗ್ರಾಫ್ ತೆಗೆದರು.

ದಪ್ಪ ರೆಕ್ಕೆ ಗಾಳಿಯನ್ನು ಹೆಚ್ಚು ತಡೆಯುತ್ತದೆ, ಹಾಗಾಗಿ ವಿಮಾನ ನಿಧಾನ. ನಿಧಾನವಾದರೆ ಒಳ್ಳೆಯದೇ ಅಲ್ಲವೇ ಎಂದೆ. ನಿಧಾನ ಹೋಗುವುದನ್ನು ಸುಂಟರಗಾಳಿ ಹಿಡಿದು ಅಲುಗಿಸುತ್ತದೆ, ನಮ್ಮ ಸೀಮೆಯ ಬಿಸಿಲಿನಲ್ಲಿ ಮಧ್ಯಾಹ್ನದ ಗಾಳಿ ಹೇಗಿರುತ್ತದೆ ನಿನಗೇ ಗೊತ್ತು ಎಂದರು. ಹಾಗಾದರೆ ತೆಳ್ಳಗಿನದು ಎಂದೆ. ಅದು ಗಾಳಿಯನ್ನು ಸೀಳಿ ಹೋಗುತ್ತದೆ, ಆದರೆ ಇಳಿಯುವಾಗಲೂ ಓಡುತ್ತಲೇ ಇಳಿಯುತ್ತದೆ, ಎರೆಹೊಲದ ಬಿರುಕಿನಲ್ಲಿ ಗಾಲಿ ಸಿಕ್ಕರೆ ಲಾಗ ಹೊಡೆಯುತ್ತದೆ ಎಂದರು. ಹಾಗಾದರೆ ದಪ್ಪದ್ದೇ ಎಂದೆ. ದಪ್ಪದ್ದರಲ್ಲಿ ಒಳಗಿನ ತೊಲೆ ಎತ್ತರವಾಗಿರುವುದರಿಂದ ಗಟ್ಟಿ, ಹಗುರ, ಅದೂ ನಿಜ, ಆದರೆ, ಎಂದು ಮತ್ತೆ ಶುರು ಮಾಡಿದರು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಳ್ಳುವ ವ್ಯವಹಾರ. ಸಂಜೆಯ ಹೊತ್ತಿಗೆ ನನಗೆ ಯಾವುದು ಜೀವ ಉಳಿಸುವುದು, ಯಾವುದು ತೆಗೆಯುವುದು ಎಂದೇ ತಿಳಿಯದಾಯಿತು. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಇಲ್ಲಿ ದರಿ ಯಾವುದು ಪುಲಿ ಯಾವುದು ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

ಶಾಲೆಯಲ್ಲಿ ವಕ್ರರೇಖೆ ಕಲಿಸುವಾಗ ನನ್ನ ಕೈ ತಾನಾಗಿ ಅದೇ ಗುಡ್ಡವನ್ನು ಬರೆಯುತ್ತಿತ್ತು, ಪಕ್ಕದಲ್ಲಿ ಅದೇ ಬಂಡೆ. ಮಕ್ಕಳು ಬರೆದುಕೊಂಡರು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಒಬ್ಬಳು ಕೇಳಿದಳು. ಬಾರದಿರಲಿ ಎಂದೆ.

ನನ್ನ ಗೊಂದಲ ನೋಡಿ ಅವರು ಇನ್ನೊಂದು ಭಾನುವಾರ ಬಾದಾಮಿಗೆ ಕರೆದುಕೊಂಡು ಹೋದರು. ಹೊರಡುವ ಮುಂಚೆ ಅತ್ತೆಗೆ ಒಂದು ಕೆಲಸ ಹಚ್ಚಿದ್ದರು. ಎರಡೂ ಆಕಾರಗಳಲ್ಲಿ ಮಾರುದ್ದದ ಎರಡು ರೆಕ್ಕೆತುಂಡು ತಾವೇ ಮಾಡಿ, ಮೇಲೆ ಕೆಳಗೆ ಬಟ್ಟೆ ಹೊದಿಸಿಟ್ಟಿದ್ದರು. ಬಟ್ಟೆಯನ್ನು ಒಳಗಿನ ಮೀನಿನಾಕಾರದ ಪ್ಲೈವುಡ್ ಪಟ್ಟಿಗಳಿಗೆ ಸೇರಿಸಿ ಹೊಲಿಯಬೇಕು, ಇಲ್ಲವಾದರೆ ಹಾರುವಾಗ ಬಟ್ಟೆ ಉಬ್ಬಿ ಕಿತ್ತುಹೋಗುತ್ತದೆ. ನಮ್ಮ ಅತ್ತೆಯ ಕೌದಿ ಅಂದರೆ ಇಳಕಲ್ಲಿನ ನಮ್ಮ ಓಣಿಯಲ್ಲೇ ಹೆಸರು. ಅವರು ಹೊಲಿದ ಕೌದಿ ಹರಿಯುವುದಿಲ್ಲ, ಹೊದ್ದವರು ಮುದುಕರಾಗುತ್ತಾರೆ ಅಷ್ಟೆ. ಹೊಲಿಗೆ ಎಂದ ಮೇಲೆ ಅವರನ್ನು ಬಿಟ್ಟು ಬೇರೆ ಯಾರು?

ಬಾದಾಮಿಯಲ್ಲಿ ಅವರು ನನಗೆ ಗುಹೆ ತೋರಿಸಲಿಲ್ಲ. ಕೆರೆಯ ದಂಡೆಯಲ್ಲಿ ಕೂರಿಸಿ ತಲೆ ಎತ್ತಿ ನೋಡು ಎಂದರು. ಗಾಳಿ ಕೆಂಪು ಬಂಡೆಗೆ ಬಡಿದು ಮೇಲೇರುವ ಕಡೆ ಹದ್ದುಗಳು ರೆಕ್ಕೆ ಬಡಿಯದೆ ತೇಲುತ್ತಿದ್ದವು. ನಿಧಾನ ಬೇಕಾದಾಗ ರೆಕ್ಕೆಯನ್ನು ಅಗಲ ಬಿಚ್ಚಿ ಬಗ್ಗಿಸುತ್ತಿದ್ದವು. ವೇಗ ಬೇಕಾದಾಗ ಮಡಿಚಿ ಚೂಪು ಮಾಡುತ್ತಿದ್ದವು.

"ನೋಡು, ಎರಡೂ ಅದಕ್ಕೈತಿ. ನಮಗ ಒಂದ" ಎಂದರು.

"ಹಂಗಾರ ಹದ್ದು ಆಗಿ ಹುಟ್ಟಬೇಕಾಗಿತ್ತು ನೀವು. ಮನಿಷಾ ಆಗಿ ಹುಟ್ಟಿ ನನ್ನ ಪ್ರಾಣ ಯಾಕ ತಿಂತೀರಿ?"

ಅವರು ನಕ್ಕರು. ಅಷ್ಟರಲ್ಲಿ ಮಂಗವೊಂದು ಬಂದು ಅಮೀನಗಡದಲ್ಲಿ ಕೊಂಡಿದ್ದ ಕರದಂಟಿನ ಪೊಟ್ಟಣವನ್ನು ನನ್ನ ತೊಡೆಯ ಮೇಲಿನಿಂದ ಎತ್ತಿಕೊಂಡು ಹೋಯಿತು. ಬೆನ್ನಟ್ಟುವುದರಲ್ಲಿ ಹದ್ದಿನ ಪಾಠ ಮುಗಿಯಿತು. ನೋಡಿದ್ದು ಚೆಂದವಿತ್ತು, ಉಪಯೋಗವೇನೂ ಆಗಲಿಲ್ಲ. ಹೋಗುವಾಗ ಇದ್ದ ಗೊಂದಲವನ್ನೇ ಹೊತ್ತುಕೊಂಡು ಮರಳಿದೆ.

ಮನೆಗೆ ಬಂದರೆ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ, ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು, ಗೆದ್ದ ಮುಖ ಮಾಡಿಕೊಂಡು ಕೂತಿದ್ದರು. ಜೊತೆಗೆ ಓಣಿಯ ಇಬ್ಬರು ಹೆಂಗಸರು. ರೆಕ್ಕೆಯ ತುಂಡುಗಳು ಗೋಡೆಗೆ ಆನಿಸಿದ್ದವು. ಯಜಮಾನರು ನೋಡಿ ಅಲ್ಲೇ ನೆಲಕ್ಕೆ ಕೂತರು.

ಅತ್ತೆ ಪಟ್ಟಿಗಳ ಮೇಲೆ ಮಾತ್ರ ಹೊಲಿದಿರಲಿಲ್ಲ. ಕೌದಿಗೆ ಹಾಕುವ ಹಾಗೆ ಈ ಅಂಚಿನಿಂದ ಆ ಅಂಚಿಗೆ ಬೆರಳಗಲಕ್ಕೆ ಒಂದೊಂದು ಸಾಲು ಹಾಕಿ, ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಸೇರಿಸಿ ಬಿಗಿದು ಎಳೆದುಬಿಟ್ಟಿದ್ದರು. ಪಟ್ಟಿಗಳಿದ್ದ ಕಡೆ ಮಾತ್ರ ಎದ್ದು ನಿಂತು, ನಡುವೆಲ್ಲ ಬೆನ್ನು ಹೊಟ್ಟೆ ಅಂಟಿಹೋಗಿತ್ತು. ದಪ್ಪದ್ದು ತೆಳ್ಳಗಾಗಿತ್ತು, ತೆಳ್ಳಗಿನದು ಹಪ್ಪಳವಾಗಿತ್ತು.

"ನೋಡಪಾ" ಎಂದರು ಅತ್ತೆ. "ನಡುವ ಎಲ್ಲಾ ಬುಸ್ ಅಂತ ಉಬ್ಬಿತ್ತು, ಒಳಗ ಏನೂ ಇಲ್ಲ, ಬರೀ ಗಾಳಿ. ಎಲ್ಲಾ ಹಿಡದು ಕುಂದರಸೇವಿ. ಇನ್ನ ಅಲುಗಾಡೂದಿಲ್ಲ."

"ಯವ್ವಾ, ಆ ಉಬ್ಬ ಬೇಕಾಗಿತ್ತು ನನಗ. ಒಂದ ವರ್ಷದಿಂದ ಆ ಉಬ್ಬಿನ ಲೆಕ್ಕಾನ ಮಾಡಾಕ ಹತ್ತೇನಿ."

"ಉಬ್ಬಿಗೇನು ಲೆಕ್ಕ? ಹತ್ತಿ ತುಂಬಿದ್ರ ಉಬ್ತೈತಿ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ. ಅಲ್ಲಿ ನಿಂತು ನಕ್ಕು ನಕ್ಕು ಸಾಕಾದ ಮೇಲೆ ಇದ್ದಕ್ಕಿದ್ದಂತೆ ಅಳು ಬಂತು. ಈ ಮನೆಯಲ್ಲಿ ಕಟ್ಟಿದ್ದರ ಮೇಲೆ ಕೂತು ಈ ಮನುಷ್ಯ ಆಕಾಶಕ್ಕೆ ಹೋಗುತ್ತಾರಲ್ಲ ಎಂದು ಅಳು. ನಗುವೋ ಅಳುವೋ ನನಗೇ ತಿಳಿಯದೆ ಮುಖ ತೊಳೆದು ಒಳಗೆ ಬಂದೆ.

ಅತ್ತೆ ಗೊಣಗುತ್ತ ಹೊಲಿಗೆ ಬಿಚ್ಚಿದರು. ಈ ಸಲ ಪಟ್ಟಿಗಳ ಮೇಲಷ್ಟೇ ಹೊಲಿದರು. ಆದರೆ ಕೌದಿಯಲ್ಲಿ ಪಳಗಿದ ಕೈ ಅದು, ಪ್ರತಿ ಹೊಲಿಗೆಯಲ್ಲಿ ದಾರವನ್ನು ಒಮ್ಮೆ ಜಗ್ಗಿಯೇ ಬಿಡುತ್ತಿತ್ತು. ಪಟ್ಟಿಯ ಉದ್ದಕ್ಕೂ ಚಿಕ್ಕ ಚಿಕ್ಕ ಗುಳಿ ಬಿದ್ದವು. ಯಜಮಾನರು ದಪ್ಪದ್ದರ ಮೇಲೆ ಅಂಗೈ ಆಡಿಸಿ ಅಡ್ಡಿಯಿಲ್ಲ ಎಂದರು. ತೆಳ್ಳಗಿನದರ ಮೇಲೆ ಆಡಿಸಿ ತಲೆ ಅಲ್ಲಾಡಿಸಿದರು.

"ಯಾಕ?" ಎಂದೆ.

"ಇದಕ್ಕ ಕನ್ನಡಿಯಂಥ ಮೈ ಬೇಕು. ಮೈ ನುಣುಪಿದ್ರನ ಇದು ಓಡೂದು. ಗುಳಿ ಬಿದ್ರ, ಧೂಳು ಕುಂತ್ರ, ಹುಳ ಬಡದ್ರ, ಇದರ ಗುಣ ಎಲ್ಲಾ ಹೋಗ್ತೈತಿ."

ಅವರು ತೆಳ್ಳಗಿನದನ್ನು ಪ್ರೀತಿಸುತ್ತಿದ್ದರು ಎನ್ನುವುದು ನನಗೆ ಆಗ ಗೊತ್ತಾಯಿತು. ಹೆಣ್ಣು ನೋಡಿ ಒಪ್ಪಿಬಂದು, ಮನೆಯವರು ಏನೆನ್ನುತ್ತಾರೋ ಎಂದು ಕಾಯುವ ಹುಡುಗನ ಮುಖ. ಸರ್ವಿಸಿನಲ್ಲಿ ಅವರು ಕೈಯಾಡಿಸಿದ್ದೆಲ್ಲ ಅಂಥ ಚೂಪು ರೆಕ್ಕೆಗಳನ್ನೇ. ನನಗೆ ಆರಿಸು ಎಂದದ್ದು ತಾವು ಆರಿಸಿದರೆ ತಪ್ಪನ್ನೇ ಆರಿಸುತ್ತೇನೆ ಎಂಬ ಹೆದರಿಕೆಯಿಂದ. ಇದನ್ನು ಮೊದಲೇ ಹೇಳಿದ್ದರೆ ನನ್ನ ಅರ್ಧ ತಲೆನೋವು ಕಡಿಮೆಯಾಗುತ್ತಿತ್ತು. ಗಂಡಸರು ಹೇಳುವುದಿಲ್ಲ.

ತುಂಡುಗಳನ್ನು ಪರೀಕ್ಷೆ ಮಾಡಲು ಅವರು ಕಂಡುಕೊಂಡ ದಾರಿ ನಮ್ಮ ಸಣ್ಣ ಗೂಡ್ಸ್ ಗಾಡಿ. ಹಿಂದೆ ಚೌಕಟ್ಟು ಕಟ್ಟಿ, ಗಾಡಿಯ ತಲೆಗಿಂತ ಎತ್ತರದಲ್ಲಿ ರೆಕ್ಕೆತುಂಡು ಕೂರಿಸಿ, ಅದರ ಮೂಗನ್ನು ಏರಿಸಿ ಇಳಿಸಲು ಒಂದು ಹಿಡಿಕೆ ಹಚ್ಚಿದರು. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ರೆಕ್ಕೆಯ ಬೆನ್ನ ಮೇಲೆ ಸಾಲಾಗಿ ದಾರದ ತುಂಡು ಅಂಟಿಸಬೇಕು. ಗಾಳಿ ಅಂಟಿಕೊಂಡು ಹರಿಯುವ ಕಡೆ ದಾರ ಮಲಗಿರುತ್ತದೆ, ಬಿಟ್ಟುಹೋದ ಕಡೆ ಎದ್ದು ಕುಣಿಯುತ್ತದೆ. ಇಳಕಲ್ಲಿನಲ್ಲಿ ದಾರಕ್ಕೇನು ಬರ ಎಂದು ಮೊದಲು ರೇಷ್ಮೆ ಎಳೆ ಅಂಟಿಸಿದೆವು. ಅದು ಬಟ್ಟೆಗೆ ಮೆತ್ತಿಕೊಂಡು ಏಳಲೇ ಇಲ್ಲ. ಕಡೆಗೆ ಶೆಡ್ಡಿನ ಹತ್ತಿರ ಕುರಿ ನಿಲ್ಲಿಸುವ ಬೀರಪ್ಪ ದೇವರ ಒಕ್ಕಲಿನ ಹಿರಿಯರೊಬ್ಬರು ಕಂಬಳಿಗೆ ನೂತ ಕರಿ ಉಣ್ಣೆಯ ನೂಲು ಕೊಟ್ಟರು. ಅದು ಹೇಳಿದಂತೆ ಕೇಳಿತು.

ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಐಹೊಳೆಯ ಕಡೆಗೆ ಹೋಗುವ ಖಾಲಿ ರಸ್ತೆಯಲ್ಲಿ ಅವರು ಗಾಡಿ ಓಡಿಸಿದರು. ನಾನು ಹಿಂದೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತು ಹಿಡಿಕೆ ಹಿಡಿದೆ. ಮೊದಲು ದಪ್ಪದ್ದು. ಹಿಡಿಕೆ ಎತ್ತುತ್ತ ಹೋದಂತೆ ರೆಕ್ಕೆ ಮೇಲಕ್ಕೆ ಜಗ್ಗತೊಡಗಿತು. ಇನ್ನೂ ಎತ್ತಿದೆ. ಹಿಂದಿನ ಅಂಚಿನ ದಾರಗಳು ನಡುಗಿದವು. ಆಮೇಲೆ ಅದರ ಮುಂದಿನ ಸಾಲು. ಹಿಡಿಕೆ ನನ್ನ ಅಂಗೈಯಲ್ಲಿ ಮೆಲ್ಲಗೆ ಮೆತ್ತಗಾಯಿತು. ಸಾಕು, ಇನ್ನು ಎತ್ತಬೇಡ ಎಂದು ಹೇಳುತ್ತಿದೆ ಎಂದು ಯಾರೂ ತಿಳಿಸದೆಯೇ ತಿಳಿಯಿತು.

ಆಮೇಲೆ ತೆಳ್ಳಗಿನದು. ಎತ್ತಿದೆ, ದಾರಗಳು ಬಾಚಿದ ಕೂದಲಿನಂತೆ ಮಲಗಿದ್ದವು. ಇನ್ನೂ ಎತ್ತಿದೆ, ಅಲುಗಲಿಲ್ಲ. ಮತ್ತೊಂದು ಚೂರು ಎತ್ತಿದೆನೋ ಇಲ್ಲವೋ, ಎಲ್ಲ ದಾರಗಳೂ ಒಟ್ಟಿಗೆ ಎದ್ದು ನಿಂತವು. ಹಿಡಿಕೆ ಕೈಯಿಂದ ಕಿತ್ತುಕೊಂಡು ಹೋಗಿ ಚೌಕಟ್ಟಿಗೆ ಬಡಿಯಿತು. ಮುನ್ಸೂಚನೆ ಅನ್ನುವುದೇ ಇಲ್ಲ. ಮರಳಿ ಬರುವಾಗ ಇನ್ನೊಮ್ಮೆ ಮಾಡಿದೆವು. ಅಷ್ಟರಲ್ಲಿ ರೆಕ್ಕೆಯ ಮೂಗಿಗೆ ಧೂಳು, ಹುಳ ಮೆತ್ತಿದ್ದವು. ಈ ಸಲ ಮೊದಲಿಗಿಂತ ಬೇಗನೇ ಕೈಕೊಟ್ಟಿತು. ಅತ್ತೆಯ ಗುಳಿಗಳಲ್ಲೂ ಧೂಳು ಕೂತಿತ್ತು.

ದಾರಿಯಲ್ಲಿ ಉಣ್ಣೆ ಕೊಟ್ಟ ಹಿರಿಯರು ಕುರಿ ಹೊಡೆದುಕೊಂಡು ಎದುರಾದರು. "ಅಕ್ಕೋರ, ಉಣ್ಣಿ ಒಣಗಸಾಕ ಗಾಡಿ ಯಾಕ ಓಡಸ್ತೀರಿ? ಬಿಸಲಾಗ ಒಗದ್ರ ಒಣಗ್ತಾವಲ್ರಿ" ಎಂದರು.

ಗಾಡಿ ನಿಂತ ಮೇಲೆ ಹಗ್ಗ ಬಿಚ್ಚಿಕೊಂಡು ಇಳಿದೆ. ಕೈ ಇನ್ನೂ ಜುಮ್ಮೆನ್ನುತ್ತಿತ್ತು.

"ದಪ್ಪಂದ" ಎಂದೆ.

ಅವರು ತೆಳ್ಳಗಿನದರ ಮೂಗಿಗೆ ಮೆತ್ತಿದ ಹುಳಗಳನ್ನು ಉಗುರಿನಿಂದ ಕೆರೆಯುತ್ತಿದ್ದರು. "ವ್ಯಾಗ ಇರೂದಿಲ್ಲ" ಎಂದರು.

"ಬ್ಯಾಡ."

"ಗಾಳಿಗೆ ಅಲಗಾಡ್ತೈತಿ."

"ಗಾಳಿ ಇಲ್ಲದಾಗ ಹೋಗ್ರಿ."

"ಲಗೂ ನೆಲಕ್ಕ ಇಳಿಯೂದಿಲ್ಲ ಅದು. ತೇಲಕೋತ ಹೋಗ್ತೈತಿ."

ಇಳಿಯುವುದಿಲ್ಲ ಅಂದರೆ ಬೀಳುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡೆ. ಒಳ್ಳೆಯದೇ ಆಯಿತಲ್ಲ ಎಂದೆ. ಅವರು ಉಗುರಿಗೆ ಅಂಟಿದ ಹುಳವನ್ನು ಪ್ಯಾಂಟಿಗೆ ಒರೆಸಿಕೊಂಡರು. "ಆತು. ನೀ ಅಂದಿ ಅಂದ್ರ ಆತು" ಎಂದರು.

ಆ ಮಾತು ಬಿಸಿತುಪ್ಪವಾಯಿತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಅವರೇ ಆರಿಸಿಕೊಂಡು ಬಿದ್ದಿದ್ದರೆ ಅವರನ್ನು ಬೈಯಬಹುದಿತ್ತು. ಈಗ ಬಿದ್ದರೆ ನಾನು ಆರಿಸಿದ್ದರ ಮೇಲೆ ಬೀಳುತ್ತಾರೆ. ಹುನಗುಂದದ ಬಸ್ಸಿನಲ್ಲಿ ಕೂತು ಎಷ್ಟೋ ಸಲ ನಿರ್ಧಾರ ಬದಲಿಸಿದೆ. ಊರು ಬರುವಷ್ಟರಲ್ಲಿ ತೆಳ್ಳಗಿನದೇ ಸರಿ ಅನ್ನಿಸುತ್ತಿತ್ತು, ಶಾಲೆಯ ಗೇಟಿನಲ್ಲಿ ದಪ್ಪದ್ದೇ ಸರಿ. ಮನೆಗೆ ಬಂದು ಏನೂ ಹೇಳುತ್ತಿರಲಿಲ್ಲ. ಶೆಡ್ಡಿನಲ್ಲಿ ಅವರು ಶಿಳ್ಳೆ ಹಾಕುತ್ತ ದಪ್ಪ ಪಟ್ಟಿಗಳನ್ನು ಕೊಯ್ಯುತ್ತಿದ್ದರು. ಬಿಟ್ಟುಕೊಟ್ಟ ಮೇಲೆ ಅವರಿಗೆ ನಿದ್ದೆ ಬರುತ್ತಿತ್ತು. ನಿದ್ದೆ ಹೋದದ್ದು ನನ್ನದು.

ನಿಜವಾದ ರೆಕ್ಕೆಗಳಿಗೂ ಅತ್ತೆ ಮತ್ತು ಅವರ ಗೆಳತಿಯರೇ ಹೊಲಿದರು. ಕೌದಿ ಮುಗಿಸುವಾಗ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟು, ಅದರಲ್ಲಿ ಹೋಳಿಗೆಯ ಚೂರು ಇಟ್ಟು ಆಮೇಲೆ ಮುಚ್ಚುವುದು ಅವರ ಪದ್ಧತಿ. ಹಸಿದ ಕೌದಿಯನ್ನು ಹೊದೆಯಬಾರದು ಎನ್ನುತ್ತಾರೆ. ಬಲರೆಕ್ಕೆಯ ತುದಿಯನ್ನೂ ಹಾಗೇ ಬಿಟ್ಟು ಅತ್ತೆ ಹೋಳಿಗೆ ಮಾಡಲು ಕೂತರು. ಯಜಮಾನರು ಇರುವೆ ಬರುತ್ತವೆ, ಇಲಿ ಬರುತ್ತದೆ, ಒಂದು ಕಡೆ ಭಾರವಾಗುತ್ತದೆ ಎಂದು ಹಾರಾಡಿದರು. "ಮನಿಷಾನ್ನ ಹೊರೂದು ಅದು, ಹೊಟ್ಟಿಗಿಲ್ಲದ ಹ್ಯಾಂಗ ಹೊರತೈತಿ?" ಎಂದು ಅತ್ತೆ ಜಗ್ಗಲಿಲ್ಲ. ಕಡೆಗೆ ಒಂದು ಒಪ್ಪಂದವಾಯಿತು. ಹೋಳಿಗೆಯನ್ನು ಬಿಸಿಲಲ್ಲಿ ಗಲಗಲ ಒಣಗಿಸಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ, ಎರಡೂ ರೆಕ್ಕೆಗೆ ಸಮನಾದ ಚೂರು ಇಟ್ಟು ಮುಚ್ಚಿದರು. ವಿಮಾನದ ತೂಕದ ಲೆಕ್ಕದಲ್ಲಿ ಹೋಳಿಗೆ ಸೇರಿಸಿದ್ದು ನಾನೇ.

ಹಾರಿಸುವುದಕ್ಕೆ ಬೇಕಾದ ಅನುಮತಿ ಇನ್ನೂ ಬಂದಿರಲಿಲ್ಲ. ನೆಲದ ಮೇಲೆ ಓಡಿಸಿ ನೋಡುತ್ತೇನೆ, ಅಷ್ಟೆ ಎಂದರು. ಕಡಲೆ ಕಿತ್ತು ಖಾಲಿ ಬಿಟ್ಟಿದ್ದ ಸಂಬಂಧಿಕರ ಹೊಲವೊಂದನ್ನು ಸಮ ಮಾಡಿಸಿದ್ದರು. ಹೊಲದ ನಡುಭಾಗದಲ್ಲಿ, ಓಟದ ದಾರಿಯ ಪಕ್ಕಕ್ಕೆ ಕೋಲು ನೆಟ್ಟು ನನ್ನ ಹಳೆಯ ಕೆಂಪು ಸೀರೆಯ ತುಂಡು ಕಟ್ಟಿದೆವು. ಅಲ್ಲಿಗೆ ಬಂದ ಕೂಡಲೇ ಎಂಜಿನ್ನಿನ ವೇಗ ಇಳಿಸಿ ನಿಲ್ಲಿಸುವುದು ಎಂದು ಮಾತಾಗಿತ್ತು. ಅತ್ತೆ ವಿಮಾನದ ಮೂಗಿಗೆ ಕುಂಕುಮ ಹಚ್ಚಿ, ಹೊಲದ ಬದುವಿನ ಮೇಲೆ ಕೂತರು. ತಂಪು ಬೆಳಗು. ನಾನು ಸೀರೆ ಕಟ್ಟಿದ ಕೋಲಿನ ಹತ್ತಿರ ನಿಂತೆ.

ಓಡಿ ಬಂದಿತು. ಬಾಲ ಎದ್ದಿತು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಎದುರಿನಿಂದ ಸಣ್ಣಗೆ ಗಾಳಿ ಬಂತು. ಸೀರೆಯ ತುಂಡು ಪಟಪಟ ಬಡಿದದ್ದು ನನಗೆ ಕೇಳಿಸಿತು. ವಿಮಾನ ನನ್ನ ಮುಂದೆ ಹಾದುಹೋಗುವಾಗ ಗಾಲಿಗೂ ಗಾಲಿಯ ನೆರಳಿಗೂ ನಡುವೆ ಬೆಳಕು ಕಂಡಿತು.

ಅವರು ಎಂಜಿನ್ ಇಳಿಸಿದರು, ಸದ್ದು ಅಡಗಿದ್ದು ಕೇಳಿಸಿತು. ಆದರೂ ಅದು ಇಳಿಯಲಿಲ್ಲ. ಆಳೆತ್ತರದಲ್ಲಿ ಸುಮ್ಮನೆ ತೇಲುತ್ತ ಹೋಯಿತು. ಬೀಳದಿರಲಿ ಎಂದು ನಾನು ಆರಿಸಿದ ದಪ್ಪ ರೆಕ್ಕೆಗೆ ನೆಲ ಬೇಡವಾಗಿತ್ತು. ಹೊಲ ಮುಗಿಯುತ್ತ ಬಂತು. ಅತ್ತೆ ಎದ್ದು ನಿಂತು, ಮರ ಹತ್ತಿದ ಹುಡುಗನನ್ನು ಕರೆಯುವಂತೆ "ಇಳಿಯೋ ಯಪ್ಪಾ, ಇಳಿಯೋ! ಸಾಕ ಇಳಿಯೋ!" ಎಂದು ಕೂಗುತ್ತಿದ್ದರು. ಬದು ದಾಟಿತು. ಪಕ್ಕದ ತೊಗರಿಯ ಕೂಳೆಯ ಮೇಲೆ ಕೂತಿತು, ಕುಪ್ಪಳಿಸಿತು, ಒಂದು ಗಾಲಿ ಮುರಿದು ಓರೆಯಾಗಿ ನಿಂತಿತು. ಧೂಳು ಎದ್ದು ಏನೂ ಕಾಣಲಿಲ್ಲ.

ನಾನು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವರು ಸೀಟಿನಲ್ಲಿ ಕೂತೇ ಇದ್ದರು. ಹಣೆ ತರಚಿತ್ತು, ಅಷ್ಟು ಬಿಟ್ಟರೆ ಇಡಿಯಾಗಿದ್ದರು. ಕಣ್ಣಲ್ಲಿ ನೀರು.

"ಎಂಜಿನ್ ಇಳಿಸಿದೆ ನಾ. ಇಳಿಸಿದೆ. ಆದ್ರೂ ಇಳೀಲಿಲ್ಲ" ಎಂದರು.

"ರೆಕ್ಕಿ ಇಳೀಲಿಲ್ಲೋ, ನೀವು ಇಳಸಲಿಲ್ಲೋ?"

ಅವರು ಯೋಚಿಸಿದರು. "ಖರೇನ ಹೇಳ್ಬೇಕಂದ್ರ, ಗೊತ್ತಿಲ್ಲ" ಎಂದರು. ಸುಳ್ಳಿರಲಿಲ್ಲ ಅದು. ಆ ಕ್ಷಣದಲ್ಲಿ ಬೇರೆ ಯಾವ ಉತ್ತರ ಕೊಟ್ಟಿದ್ದರೂ ನಾನು ಹೊಡೆದುಬಿಡುತ್ತಿದ್ದೆ.

ಅತ್ತೆ ಬಂದು ಮಗನ ಬೆನ್ನಿಗೆ ಎರಡು ಬಿಟ್ಟು, ಆಮೇಲೆ ಅದೇ ಬೆನ್ನು ಸವರಿದರು. ರೆಕ್ಕೆಗಳಿಗೆ ಏನೂ ಆಗಿರಲಿಲ್ಲ. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ವಿಮಾನವನ್ನು ಜನ ಸೇರಿ ಶೆಡ್ಡಿಗೆ ತಳ್ಳಿದ ಮೇಲೆ ಮೂವರೂ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಇಳಕಲ್ಲಿನ ಕಡೆ ಹೊರಟೆವು. ಒಂದು ಸಲ ಆಯಿತಲ್ಲ, ಮುಗಿಯಿತು, ಇನ್ನು ಅದಕ್ಕೆ ಬಳ್ಳಿ ಹಬ್ಬಿಸೋಣ ಎಂದು ಅತ್ತೆ ಹೇಳುತ್ತಲೇ ಇದ್ದರು. ಸೊಸೆಯ ಮುಖ ನೋಡು, ಹೆದರಿ ಬಿಳಚಿಹೋಗಿದೆ ಎಂದೂ ಹೇಳಿದರು.

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಗಾಲಿಯ ಕೆಳಗೆ ಬೆಳಕು ಕಂಡ ಆ ಗಳಿಗೆಯಲ್ಲಿ ನನಗೇನಾಯಿತು ಎಂದು ಹುಡುಕುತ್ತಿದ್ದೆ. ಹೆದರಿಕೆ ಆಮೇಲೆ ಬಂದದ್ದು, ಬದು ದಾಟಿದಾಗ. ಅದಕ್ಕಿಂತ ಮೊದಲು ಬಂದದ್ದು ಬೇರೆ. ನಾನು ದೇವರನ್ನು ನೆನೆದಿರಲಿಲ್ಲ. ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತ್ತು, ಗಾಡಿಯ ಹಿಂದೆ ನಿಂತು ಹಿಡಿಕೆ ಹಿಡಿದಿದ್ದಂತೆ. ಈಗ ಮೂಗು ಚೂರು ಇಳಿಸಬೇಕು, ಈಗ, ಈಗ ಎಂದು ಅಂಗೈ ಹೇಳುತ್ತಿತ್ತು. ಆ ರೆಕ್ಕೆಯ ಮನಸ್ಸು ನನಗೆ ಗೊತ್ತಿತ್ತು. ಅಲ್ಲಿ ಕೂತಿದ್ದವರು ಅವರು. ನನಗೆ ಹೊಟ್ಟೆಕಿಚ್ಚಾಗಿತ್ತು. ಗಂಡ ಸಾಯುತ್ತಾನೋ ಬದುಕುತ್ತಾನೋ ಅನ್ನುವ ಹೊತ್ತಿನಲ್ಲಿ ಎಂಥ ಹೆಂಗಸಿಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ನನ್ನನ್ನೇ ಕೇಳಿಕೊಂಡೆ.

"ರೀ" ಎಂದೆ. "ನಾ ನಿಮಗಿಂತ ಭಾಳ ಹಗರ ಅದೀನಿ. ನಾ ಕುಂತ್ರ ಇಳಿಯಾಕ ಎಷ್ಟು ಉದ್ದದ ಹೊಲ ಬೇಕಾಗ್ತೈತಿ?"

ಅವರು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಅತ್ತೆಯ ತಲೆಯ ಮೇಲಿಂದ ನನ್ನ ಕಡೆ ನೋಡಿದರು. ಮೇಲೆ ಹೋಗಿಬಂದಾಗಲೂ ಬಾರದಿದ್ದ ಹೆದರಿಕೆ ಈಗ ಅವರ ಮುಖದ ಮೇಲಿತ್ತು.

"ಬ್ಯಾಡ" ಎಂದರು. "ಏನರ ಆದ್ರ ನಾ ಏನ್ ಮಾಡ್ಲಿ?"

ಎರಡು ಪ್ಲೈವುಡ್ ತುಂಡು ಗೋಡೆಗೆ ತೂಗಿದ ದಿನದಿಂದ ನಾನು ಬಾಯಿ ಬಿಟ್ಟು ಕೇಳದೆ ನುಂಗಿಕೊಂಡೇ ಬಂದ ಪ್ರಶ್ನೆ ಅದು.

"ಗೊತ್ತಿಲ್ಲ" ಎಂದೆ. "ಉದ್ದ ಎಷ್ಟು ಹೇಳ್ರಿ."